ಬೋರಲು ಗ್ಲಾಸು

ಬೆಳಿಗ್ಗೆ ಏಳಕ್ಕೆ ನಮ್ಮ ಸಂಜೆ.
ರಕ್ತದ ಚೀಲಗಳ ಗುಂಪು ನೋಡಿ, ತಾರೀಖು ನೋಡಿ,
ಮತ್ತೊಮ್ಮೆ ತಾರೀಖು ನೋಡಿ
ಫ್ರಿಜ್ಜಿನ ಬಾಗಿಲು ಹಾಕಿ ಹೊರಬಂದರೆ
ಮಿಲ್ವಾಕಿಯ ಗಾಳಿ ಹುಳಿಹುಳಿ:
ಯಾರೋ ಊರಗಲದ ಪಾತ್ರೆಯಲ್ಲಿ
ದೋಸೆಹಿಟ್ಟು ರುಬ್ಬಿಟ್ಟು
ಮುಚ್ಚಳ ಮರೆತು ಮಲಗಿಬಿಟ್ಟ ಹಾಗೆ.

ನಡಿ, ಅಂದಳು ಮರ್ನಾ. ಆಸ್ಪತ್ರೆಯ ಲಾಂಡ್ರಿಯವಳು,
ಮೊಣಕೈ ತನಕ ಇನ್ನೂ ಹಬೆಯ ಕೆಂಪು.
ಇವತ್ತು ರಾತ್ರಿ ಇಬ್ಬರಿಗೂ ರಜೆ, ನಿದ್ದೆ ಯಾಕೆ?
ಹೌದಲ್ಲ.
ಹಾಸಿಗೆಯೇನು ಓಡಿಹೋಗುತ್ತದೆಯೇ.

ಪಾಳಿಯವರಿಗೆಂದೇ ನಸುಕಿಗೆ ಬಾಗಿಲು ತೆರೆಯುವ
ಮೂಲೆಯ ಹೆಂಡದಂಗಡಿ.
(ಹೆಂಡದಂಗಡಿ ಅಂದರೆ ನಮ್ಮಜ್ಜಿ ಪಟದಿಂದ ಇಳಿದುಬರುತ್ತಾಳೆ,
ಟ್ಯಾವರ್ನ್ ಅನ್ನೋಣ.)
ಒಳಗೆ ಐದು: ಬೂಟು ಬಿಚ್ಚಿ ಕಾಲು ಚಾಚಿದ
ಎರಕದ ಕಾರ್ಖಾನೆಯವರಿಬ್ಬರು,
ಅಂಚೆ ವಿಂಗಡಿಸುವ ಹುಡುಗಿ,
ಒಬ್ಬ ಮುದುಕ, ಅವನ ನಾಯಿ.
ನಾಯಿಯನ್ನೂ ಎಣಿಸಿದೆ. ಎಣಿಸುವುದೇ ನನ್ನ ಕಸುಬು.

ಮೊದಲ ಗ್ಲಾಸು ಬಾಯಾರಿಕೆಗೆ.
ಎರಡನೆಯದು ಮೊದಲನೆಯದಕ್ಕೆ ಜೊತೆ.
ಮೂರನೆಯದರ ನೊರೆ ಮೂಗಿಗೆ ತಾಗಿದಾಗ
ನೆನಪಾಯಿತು: ಇವತ್ತು ಏಕಾದಶಿ.

ತಡವಾಗಿತ್ತು. ಅಷ್ಟರಲ್ಲಿ ಬಂದು ಕೂತಿದ್ದವು
ಹಲ್ಲಿಗೆ ಸಿಕ್ಕರೆ ಹೊಸ ಚಪ್ಪಲಿಯಂತೆ
ಕಿರ್ ಅನ್ನುವ ಹಸಿ ಚೀಸಿನ ತುಣುಕು,
ಬೀರಿನಲ್ಲೇ ಬೆಂದ ಸಾಸೇಜು, ಅದರ ಮೈತುಂಬ ಈರುಳ್ಳಿ,
ಆಲೂಗೆಡ್ಡೆ ತುರಿದು ಕಾವಲಿಗೆ ತಟ್ಟಿದ ರೊಟ್ಟಿ,
ಪಕ್ಕದಲ್ಲಿ ಸೇಬಿನ ಗೊಜ್ಜು.
ಅಯ್ಯೋ, ಸೇಬಿನ ಗೊಜ್ಜು!
ಉಪ್ಪಿಲ್ಲ, ಹುಳಿಯಿಲ್ಲ, ಸಾಸಿವೆಯ ಒಂದು ಚಟಪಟವಿಲ್ಲ.
ವ್ಯಾನಿಟಿ ಬ್ಯಾಗಿನಿಂದ ತೆಗೆದೆ ಚಟ್ನಿಪುಡಿಯ ಡಬ್ಬಿ.

ಮರ್ನಾ ನೆಕ್ಕಿದಳು, ಕಣ್ಣೀರು ಸುರಿಸಿದಳು,
ಇನ್ನೆರಡು ಚಮಚ ಸುರಿದುಕೊಂಡಳು.
ಎರಕದವರು ಕೈಚಾಚಿದರು, ಅಂಚೆಯವಳು ತಟ್ಟೆಯನ್ನೇ.
ಮುದುಕ ಬೆರಳ ತುದಿಗೆ ಒಂದಿಷ್ಟು ಅಂಟಿಸಿಕೊಂಡು
ಬಾಯಿಗಿಟ್ಟು, ಏನೂ ಹೇಳದೆ
ಬಹಳ ಹೊತ್ತು ಗೋಡೆ ನೋಡಿದ.

ಮಾತು. ಯಾವ ಮಾತು, ನೆನಪಿಲ್ಲ.
ಸಾಕ್ಸುಗಳು ಯಾಕೆ ಒಂಟಿಯಾಗುತ್ತವೆ ಅನ್ನುವುದರ ಮೇಲೆ
ಮರ್ನಾ ಒಂದು ಗಂಟೆ ಮಾತಾಡಿದಳು.
ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದ ಅನ್ನುವುದನ್ನು
ನಾನು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದೆ.
ಬಡಗಿಯ ಮೇಲೆ ಕೇಸು ಹಾಕಬೇಕೆಂದು ತೀರ್ಮಾನವಾಯಿತು.

ಹನ್ನೊಂದರ ಸುಮಾರಿಗೆ ನನ್ನೆದುರು
ಒಂದು ಪುಟ್ಟ ಗ್ಲಾಸು ಬೋರಲಾಗಿ ಬಂದು ಕೂತಿತು.
ನಮ್ಮಲ್ಲಿ ಲೋಟ ಬೋರಲು ಹಾಕಿದರೆ
ಸಾಕು, ಮುಗಿಯಿತು, ಇನ್ನು ಬೇಡ.
ಇಲ್ಲಿ ಅದರ ಅರ್ಥವೂ ಬೋರಲು:
ಇನ್ನೂ ಒಂದು ಇದೆ ನಿನಗೆ, ದುಡ್ಡು ಯಾರೋ ಕೊಟ್ಟಾಗಿದೆ.

ಯಾರು?
ವೆರೋನಿಕಾ ಗಲ್ಲಾಪೆಟ್ಟಿಗೆಯಿಂದ ತಲೆಯೆತ್ತದೆ
ಗದ್ದದಲ್ಲೇ ಬಾಗಿಲು ತೋರಿಸಿದಳು.
ಸ್ಟೂಲು ಖಾಲಿ. ಅದರ ಕೆಳಗೆ
ನಾಯಿ ಅರ್ಧ ಕುಡಿದುಬಿಟ್ಟ ನೀರಿನ ಬಟ್ಟಲು.

ಆ ಬೀರು ನಾನು ಕುಡಿಯಲಿಲ್ಲ.
ಹೊಟ್ಟೆಯಲ್ಲಿ ಜಾಗವಿರಲಿಲ್ಲ, ಅದು ನಿಜ.
ಜಾಗವಿದ್ದಿದ್ದರೂ, ಗೊತ್ತಿಲ್ಲ.
ಇರಲಿ ಹಾಗೇ, ಮುಂದಿನ ವಾರ ಬರುತ್ತೇನೆ, ಅಂದೆ.
ಗ್ಲಾಸು ತೆಗೆದು ಅವಳು ಮೇಲಿನ ಅಟ್ಟೆಯಲ್ಲಿಟ್ಟಳು,
ಬೋರಲಾಗಿಯೇ.

ಆಮೇಲೆ ಸರೋವರದ ದಂಡೆ, ಬೆಂಚು,
ಮೊಟ್ಟೆಹಳದಿಯ ಕಸ್ಟರ್ಡ್ ಐಸ್‌ಕ್ರೀಮು ಮೊಣಕೈಗೆ ಸೋರಿ
ಮರ್ನಾ ಬಾಯ್ದೆರೆದು ನಿದ್ದೆ.
ಅವಳ ಕೋನು ನೋಡುತ್ತ ಒಂದು ಕಡಲಕ್ಕಿ
ಒಂದೊಂದೇ ಹೆಜ್ಜೆ ಹತ್ತಿರ ಬರುತ್ತಿತ್ತು.
ಓಡಿಸಬೇಕಿತ್ತು. ಓಡಿಸಲಿಲ್ಲ.
ಹಾಯಿದೋಣಿಗಳನ್ನು ಎಣಿಸುತ್ತಾ ಆರಕ್ಕೋ ಏಳಕ್ಕೋ
ಲೆಕ್ಕ ತಪ್ಪಿತು,
ಮತ್ತೆ ಮೊದಲಿನಿಂದ ಶುರುಮಾಡಲಿಲ್ಲ.
ಬೆರಳ ಸಂದಿಯಲ್ಲಿ ಪುಡಿಯ ಖಾರ ಉಳಿದಿತ್ತು.
ನೆಕ್ಕಿದೆ.